ಅಡಕೆಯ ಹಾಳೆಯೂ ಹಿಮದ ಹಲಗೆಯೂ

ಹಿಮದ ಇಳಿಜಾರಿನ ಮೇಲೆ ಮೊದಲ ಸಲ ನಿಂತವರು ಬೀಳದೆ ಹಿಂದಿರುಗುವುದು ಅಪರೂಪ. ಬಲಶಾಲಿಯೂ ಬೀಳುತ್ತಾನೆ, ಧೈರ್ಯಶಾಲಿಯೂ ಬೀಳುತ್ತಾನೆ. ಬಿದ್ದವರು ಕೆಲವೊಮ್ಮೆ ತಮ್ಮ ಅದೃಷ್ಟವನ್ನು ಹಳಿಯುವರು, ಕೆಲವೊಮ್ಮೆ ತಮ್ಮ ಭಯವನ್ನು ಹಳಿಯುವರು. ಆದರೆ ಭೌತವಿಜ್ಞಾನದ ದೃಷ್ಟಿಯಿಂದ ನೋಡಿದರೆ ಈ ಬೀಳುವಿಕೆಗಳಲ್ಲಿ ಯಾವುದೂ ಆಕಸ್ಮಿಕವಲ್ಲ. ಒಂದೊಂದರ ಹಿಂದೆಯೂ ನಾವು ತರಗತಿಯಲ್ಲಿ ಓದುವ ಒಂದು ನಿಯಮ ಅಡಗಿದೆ. ಆ ನಿಯಮವನ್ನು ತಿಳಿದವನು ಬೀಳುವುದೇ ಇಲ್ಲವೆಂದು ಹೇಳಲಾಗದು. ಆದರೆ ಅವನ ಅವಘಡ ಚಿಕ್ಕದಾಗಿಯೇ ಉಳಿಯುವಂತೆ ಮಾಡಿಕೊಳ್ಳಬಲ್ಲನು. ಈ ಲೇಖನದಲ್ಲಿ ನಾವು ವಿಚಾರಮಾಡಬೇಕೆಂದಿರುವುದು ಇದನ್ನೇ.

ಹಿಮ ಬೀಳದ ನಮ್ಮ ನಾಡಿನ ವಿದ್ಯಾರ್ಥಿಗಳಿಗೆ ಈ ವಿಷಯವೇಕೆ ಎಂದು ಕೆಲವರು ಕೇಳಬಹುದು. ಸಕಲೇಶಪುರ ಮತ್ತು ಆಲೂರಿನ ಗುಡ್ಡಗಳಲ್ಲಿ ಬೆಳೆದ ಮಕ್ಕಳಿಗೆ ಜಾರುವ ಆಟ ಹೊಸದೇನೂ ಅಲ್ಲ. ಅಡಕೆಯ ಮರದಿಂದ ಕಳಚಿ ಬಿದ್ದ ಸೋಗೆಯ ಬುಡದಲ್ಲಿರುವ ಅಗಲವಾದ ಹಾಳೆಯ ಮೇಲೆ ಒಬ್ಬರು ಕುಳಿತು, ಮತ್ತೊಬ್ಬರು ಸೋಗೆಯನ್ನು ಹಿಡಿದು ಎಳೆದುಕೊಂಡು ಓಡುವ ಆಟವನ್ನು ಮಲೆನಾಡಿನಲ್ಲಿ ಯಾರು ಕಂಡಿಲ್ಲ? ಮಳೆಗೆ ನೆನೆದ ಹುಲ್ಲಿನ ಇಳಿಜಾರು ದೊರೆತರೆ ಎಳೆಯುವವನೂ ಬೇಕಿಲ್ಲ. ಹಾಳೆ ತಾನಾಗಿಯೇ ಜಾರುವುದು. ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟಿಕೊಳ್ಳುವ, ಮುಂದಿನ ತುದಿ ಮೇಲಕ್ಕೆ ಬಾಗಿದ, ಉದ್ದವಾದ ಕಿರುಹಲಗೆಗಳಿಗೆ ಸ್ಕೀ ಎಂದು ಹೆಸರು. ಹಾಳೆಗೂ ಸ್ಕೀಗೂ ವಸ್ತುವಿನಲ್ಲಿ ಭೇದವಿದ್ದರೂ ತತ್ತ್ವದಲ್ಲಿ ಭೇದವಿಲ್ಲ.

ಹಿಮವೂ ನಮ್ಮವರಿಗೆ ಈಗ ಅಷ್ಟು ದೂರದ ವಸ್ತುವಾಗಿ ಉಳಿದಿಲ್ಲ. ಕಾಶ್ಮೀರದ ಗುಲ್ಮಾರ್ಗ್, ಉತ್ತರಾಖಂಡದ ಔಲಿ, ಹಿಮಾಚಲ ಪ್ರದೇಶದ ಸೋಲಾಂಗ್ ಮೊದಲಾದ ಕಡೆಗಳಿಗೆ ಕನ್ನಡ ನಾಡಿನಿಂದ ಪ್ರತಿ ಚಳಿಗಾಲದಲ್ಲಿಯೂ ಸಂಸಾರಗಳು ಹೋಗಿಬರುತ್ತಿವೆ. 2024ರ ಫೆಬ್ರವರಿಯಲ್ಲಿ ಗುಲ್ಮಾರ್ಗ್‌ನಲ್ಲಿ ನಡೆದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳಲ್ಲಿ ನಮ್ಮ ನೆರೆಯ ಕೊಡಗಿನ ತೆಕ್ಕಡ ಭವಾನಿಯವರು ಕರ್ನಾಟಕದ ಪರವಾಗಿ ಸ್ಪರ್ಧಿಸಿ ಹಿಮದ ಓಟದಲ್ಲಿ ಚಿನ್ನದ ಪದಕಗಳನ್ನು ಗೆದ್ದರು. ಕಾಫಿಯ ಸೀಮೆಯಲ್ಲಿ ಹುಟ್ಟಿದವರಿಗೆ ಹಿಮದ ವಿದ್ಯೆ ಒಲಿಯದು ಎಂಬ ಮಾತಿಗೆ ಇನ್ನು ಆಧಾರವಿಲ್ಲ.

ಉದಾಹರಣೆಗಾಗಿ ಸಕಲೇಶಪುರ ತಾಲ್ಲೂಕಿನ ಹೆಗ್ಗದ್ದೆಯ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳೋಣ. ತಂದೆ, ತಾಯಿ, ಕಾಲೇಜಿನಲ್ಲಿ ಓದುವ ಮಗಳು, ಹತ್ತು ವರ್ಷದ ಮಗ. ಅರೇಬಿಕಾ ಕಾಫಿಯ ಕೊಯ್ಲನ್ನು ಮುಗಿಸಿ, ಫೆಬ್ರವರಿಯಲ್ಲಿ ನಾಲ್ಕು ದಿನ ಬಿಡುವು ಮಾಡಿಕೊಂಡು ಅವರು ಔಲಿಗೆ ಹೋಗಿದ್ದಾರೆ. ನಾಲ್ವರೂ ಸ್ಕೀಯನ್ನು ಕಟ್ಟಿಕೊಳ್ಳುತ್ತಿರುವುದು ಇದೇ ಮೊದಲು. ಮೊದಲ ದಿನ ಅವರಿಗೆ ಒದಗುವ ಚಿಕ್ಕಪುಟ್ಟ ಅವಘಡಗಳನ್ನು ಒಂದೊಂದಾಗಿ ಪರೀಕ್ಷಿಸೋಣ.

ನೆಲದ ಹಿಡಿತ

ಮೊದಲನೆಯ ಅವಘಡ ಇಳಿಜಾರಿನಲ್ಲಿ ನಡೆಯುವುದಿಲ್ಲ. ಸಮತಟ್ಟಾದ ನೆಲದಲ್ಲಿಯೇ ನಡೆಯುತ್ತದೆ. ತಂದೆ ಎಂದಿನಂತೆ ಬಲಗಾಲನ್ನು ಮುಂದಿಡಲು ಹೋಗುತ್ತಾನೆ. ಎಡಗಾಲು ಹಿಂದಕ್ಕೆ ಜಾರುತ್ತದೆ. ಅವನು ಮೊಗ ಅಡಿಯಾಗಿ ಬೀಳುತ್ತಾನೆ. ಇದಕ್ಕೆ ಕಾರಣವೇನು?

ನಾವು ಕಾಲಿನ ಬಲದಿಂದ ಮುಂದಕ್ಕೆ ನಡೆಯುವೆವೆಂದು ಸಾಮಾನ್ಯವಾಗಿ ಭಾವಿಸುತ್ತೇವೆ. ಇದು ಅರ್ಧ ಸತ್ಯ. ಕಾಲು ನೆಲವನ್ನು ಹಿಂದಕ್ಕೆ ನೂಕುತ್ತದೆ. ನ್ಯೂಟನ್ನನ ಮೂರನೆಯ ನಿಯಮದಂತೆ ನೆಲವು ನಮ್ಮನ್ನು ಅಷ್ಟೇ ಬಲದಿಂದ ಮುಂದಕ್ಕೆ ನೂಕುತ್ತದೆ. ಈ ವಿನಿಮಯ ನಡೆಯುವುದು ಪಾದಕ್ಕೂ ನೆಲಕ್ಕೂ ನಡುವೆ ಘರ್ಷಣೆಯಿದ್ದಾಗ ಮಾತ್ರ. ಘರ್ಷಣೆಯೆಂದರೆ ಯಂತ್ರಗಳನ್ನು ಸವೆಸುವ ಒಂದು ಪೀಡೆಯೆಂದೇ ನಮ್ಮ ಪಠ್ಯಪುಸ್ತಕಗಳು ಹೆಚ್ಚಾಗಿ ಬಣ್ಣಿಸುವುದುಂಟು. ಆದರೆ ಘರ್ಷಣೆ ಇಲ್ಲದಿದ್ದರೆ ನಾವು ಒಂದು ಹೆಜ್ಜೆಯನ್ನೂ ಇಡಲಾರೆವು.

ಘರ್ಷಣೆಯನ್ನು ಅಳೆಯಲು ಘರ್ಷಣಾಂಕ ಎಂಬ ಸಂಖ್ಯೆಯನ್ನು ಬಳಸುತ್ತಾರೆ. ಒಂದು ವಸ್ತುವನ್ನು ಸಮತಲದ ಮೇಲೆ ಎಳೆಯಲು ಬೇಕಾದ ಬಲವನ್ನು ಆ ವಸ್ತುವಿನ ತೂಕದಿಂದ ಭಾಗಿಸಿದರೆ ಘರ್ಷಣಾಂಕ ಬರುತ್ತದೆ. ಒಣನೆಲದ ಮೇಲೆ ರಬ್ಬರಿನ ಅಟ್ಟೆಯ ಘರ್ಷಣಾಂಕ ಸುಮಾರು 0.6ರಿಂದ 0.8ರವರೆಗೆ ಇರುತ್ತದೆ. ಹದವಾದ ಹಿಮದ ಮೇಲೆ ಜಾರುತ್ತಿರುವ ಸ್ಕೀಯ ಘರ್ಷಣಾಂಕವನ್ನು ಸುಮಾರು 0.05 ಎಂದು ಇಟ್ಟುಕೊಳ್ಳಬಹುದು. ಅಂದರೆ, ಹುಟ್ಟಿದಂದಿನಿಂದ ನಮ್ಮ ಸ್ನಾಯುಗಳು ಯಾವ ಹಿಡಿತವನ್ನು ನಂಬಿ ನಡಿಗೆಯನ್ನು ಕಲಿತಿವೆಯೋ ಅದರ ಹತ್ತರಲ್ಲಿ ಒಂದು ಪಾಲೂ ಇಲ್ಲಿ ಉಳಿಯುವುದಿಲ್ಲ. ತಂದೆಯನ್ನು ಬೀಳಿಸಿದ್ದು ಅವನ ಅಜಾಗರೂಕತೆಯಲ್ಲ; ಅವನ ನಲವತ್ತು ವರ್ಷಗಳ ಅಭ್ಯಾಸ.

ಆದಕಾರಣ ಕಲಿಸುವವರು ಮೊದಲು ಹೇಳಿಕೊಡುವುದು ಜಾರುವುದನ್ನಲ್ಲ, ನಡೆಯುವುದನ್ನು. ಸ್ಕೀಗಳನ್ನು ಇಳಿಜಾರಿಗೆ ಅಡ್ಡಲಾಗಿ ಇಟ್ಟು, ಅವುಗಳ ಅಂಚನ್ನು ಹಿಮಕ್ಕೆ ಒತ್ತಿ, ಏಣಿಯನ್ನು ಪಕ್ಕದಿಂದ ಹತ್ತುವಂತೆ ಒಂದೊಂದು ಹೆಜ್ಜೆಯಾಗಿ ಮೇಲೇರಬೇಕು. ಅಂಚು ಹಿಮವನ್ನು ಕೊರೆದು ಒಂದು ಕಿರುಮೆಟ್ಟಿಲನ್ನು ಮಾಡಿಕೊಳ್ಳುತ್ತದೆ. ಹೆಗ್ಗದ್ದೆಯ ಸುತ್ತಿನ ತೋಟಗಳಲ್ಲಿ ಜಾರುವ ದರೆಯನ್ನು ಹತ್ತುವವರು ಪಾದವನ್ನು ಅಡ್ಡಲಾಗಿ ತಿರುಗಿಸಿ ಊರುವುದೂ ಇದೇ ಕಾರಣಕ್ಕಾಗಿ.

ಎಷ್ಟು ಇಳಿಜಾರಾದರೆ ಜಾರುವುದು?

ಒಂದು ಹಲಗೆಯ ಮೇಲೆ ಕಲ್ಲನ್ನು ಇಟ್ಟು ಹಲಗೆಯ ಒಂದು ತುದಿಯನ್ನು ಮೆಲ್ಲಗೆ ಎತ್ತುತ್ತ ಹೋಗಿರಿ. ಮೊದಲು ಕಲ್ಲು ಕದಲುವುದಿಲ್ಲ. ಒಂದು ಮಟ್ಟವನ್ನು ಮುಟ್ಟಿದೊಡನೆಯೇ ಜಾರತೊಡಗುತ್ತದೆ. ಕಲ್ಲಿನ ತೂಕದಲ್ಲಿ ಎರಡು ಅಂಶಗಳಿವೆ: ಒಂದು ಹಲಗೆಗೆ ಲಂಬವಾಗಿ ಒತ್ತುವ ಅಂಶ, ಇನ್ನೊಂದು ಹಲಗೆಯ ಉದ್ದಕ್ಕೆ ಕೆಳಗೆಳೆಯುವ ಅಂಶ. ಹಲಗೆ ಎದ್ದಂತೆಲ್ಲ ಮೊದಲನೆಯದು ತಗ್ಗುತ್ತದೆ, ಎರಡನೆಯದು ಹೆಚ್ಚುತ್ತದೆ. ಎರಡನೆಯದು ಘರ್ಷಣೆಯನ್ನು ಮೀರಿದಾಗ ಕಲ್ಲು ಜಾರುತ್ತದೆ. ಆ ಕ್ಷಣದಲ್ಲಿ ಹಲಗೆಯ ತುದಿಯ ಎತ್ತರವನ್ನು ಅದರ ಕೆಳಗಿನ ನೆಲದ ಉದ್ದದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಘರ್ಷಣಾಂಕ. ತ್ರಿಕೋಣಮಿತಿಯನ್ನು ಓದಿದವರು ಇದನ್ನು ಇಳಿಜಾರಿನ ಕೋನದ ಟ್ಯಾನ್ ಎಂದು ಗುರುತಿಸುವರು. ಗಮನಿಸತಕ್ಕ ಸಂಗತಿಯೆಂದರೆ, ಈ ಲೆಕ್ಕದಲ್ಲಿ ಕಲ್ಲಿನ ತೂಕವೇ ಬರುವುದಿಲ್ಲ.

ಘರ್ಷಣಾಂಕ 0.7 ಆದರೆ ಆ ಕೋನ 35 ಡಿಗ್ರಿ. ಆದ್ದರಿಂದಲೇ ಒಣಗಿದ ಗುಡ್ಡದ ಮೇಲೆ ಒಳ್ಳೆಯ ಅಟ್ಟೆಯ ಮೆಟ್ಟನ್ನು ತೊಟ್ಟವನು ಧೈರ್ಯವಾಗಿ ನಿಲ್ಲಬಲ್ಲನು. ಘರ್ಷಣಾಂಕ 0.05 ಆದರೆ ಕೋನ 3 ಡಿಗ್ರಿಗಿಂತಲೂ ಸ್ವಲ್ಪ ಕಡಮೆ. ಎಂದರೆ 20 ಅಡಿಗೆ 1 ಅಡಿಯ ಇಳಿಜಾರು. ಕಣ್ಣಿಗೆ ಇದು ಬಹುಮಟ್ಟಿಗೆ ಸಮತಟ್ಟಾಗಿಯೇ ಕಾಣುವುದು. ನಮ್ಮ ಹುಡುಗ ಸಮನೆಲವೆಂದು ನಂಬಿ ಸ್ಕೀಯನ್ನು ಕಟ್ಟಿಕೊಂಡ ಜಾಗದಿಂದ ತನ್ನಷ್ಟಕ್ಕೆ ತಾನೇ ಹೊರಟುಬಿಟ್ಟು ಅಕ್ಕನಿಗೆ ಹೋಗಿ ಢಿಕ್ಕಿಹೊಡೆದದ್ದು ಹೀಗೆ.

ಇಲ್ಲಿ ಸಕಲೇಶಪುರದ ರೈಲುಮಾರ್ಗವನ್ನು ನೆನೆಯುವುದು ಉಪಯುಕ್ತ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಘಟ್ಟದ ಹಾದಿ 57 ಸುರಂಗಗಳನ್ನು ದಾಟಿಕೊಂಡು 50ಕ್ಕೆ 1ರಂತೆ ಇಳಿಯುತ್ತದೆ. ಈ ಹಾದಿಗೆ ಹಿಮವನ್ನು ಹಾಸಿದರೂ ನಮ್ಮ ಸ್ಕೀ ಅದರ ಮೇಲೆ ತಾನಾಗಿ ಜಾರಲಾರದು; ಏಕೆಂದರೆ ಸ್ಕೀಗೆ 20ಕ್ಕೆ 1ರಷ್ಟಾದರೂ ಇಳಿಜಾರು ಬೇಕು. ಆದರೆ ರೈಲುಗಾಡಿಗೆ ಅದು ಅಪಾಯಕರವಾದ ಇಳಿಜಾರು. ಉಕ್ಕಿನ ಹಳಿಯ ಮೇಲೆ ಉರುಳುವ ಉಕ್ಕಿನ ಗಾಲಿಗೆ ಎದುರಾಗುವ ತಡೆ ಅದರ ತೂಕದ ಸಾವಿರದಲ್ಲಿ ಒಂದೆರಡು ಪಾಲು ಮಾತ್ರ. ಆದುದರಿಂದಲೇ ಘಟ್ಟದ ಮಾರ್ಗಗಳಲ್ಲಿ ಹಿಡಿತ ತಪ್ಪಿದ ಗಾಡಿಯನ್ನು ತಿರುಗಿಸಿ ನಿಲ್ಲಿಸಲು ಏರುಮುಖವಾದ ಪಕ್ಕದ ಹಳಿಗಳನ್ನು ಹಾಕಿರುತ್ತಾರೆ. ಹೊಸಬರಿಗಾಗಿ ಆರಿಸುವ ಹಿಮದ ಬಯಲುಗಳೂ ಕೆಳತುದಿಯಲ್ಲಿ ಸಮತಟ್ಟಾಗಿಯೋ ಸ್ವಲ್ಪ ಏರಾಗಿಯೋ ಇರುತ್ತವೆ. ಎರಡು ಏರ್ಪಾಡುಗಳ ಹಿಂದೆಯೂ ಇರುವ ಬುದ್ಧಿ ಒಂದೇ.

ಹಿಮವೇಕೆ ಜಾರುತ್ತದೆ?

ಗಾಜಿನ ಮೇಲ್ಮೈಯೂ ನಯವಾಗಿದೆ; ಆದರೆ ಒಣಗಿದ ಗಾಜು ಹಿಮದಂತೆ ಜಾರುವುದಿಲ್ಲ. ಹಾಗಾದರೆ ಹಿಮದಲ್ಲಿ ಅಂತಹ ವಿಶೇಷವೇನು? ಈ ಪ್ರಶ್ನೆ ನೂರೆಪ್ಪತ್ತು ವರ್ಷಗಳಿಗೂ ಮೀರಿ ವಿಜ್ಞಾನಿಗಳನ್ನು ಕಾಡಿದೆ.

ಒತ್ತಡವನ್ನು ಹೆಚ್ಚಿಸಿದರೆ ಮಂಜುಗಡ್ಡೆ ಸೊನ್ನೆ ಡಿಗ್ರಿಗಿಂತ ಕೆಳಗೂ ಕರಗುವುದೆಂದು 1849ರಲ್ಲಿ ಜೇಮ್ಸ್ ಥಾಮ್ಸನ್ ತೋರಿಸಿಕೊಟ್ಟರು. ಇದನ್ನು ಆಧರಿಸಿ, ಜಾರುವವನ ಭಾರದಿಂದಲೇ ಹಿಮ ಕರಗಿ ನೀರಾಗುವುದೆಂದು 1886ರಲ್ಲಿ ಜಾನ್ ಜಾಲಿ ಸೂಚಿಸಿದರು. ಈ ವಿವರಣೆ ಬಹುಕಾಲ ಪಠ್ಯಪುಸ್ತಕಗಳಲ್ಲಿ ಉಳಿದುಬಂದಿತು. ಅದು ಸ್ಕೀಗೆ ಸಲ್ಲುವುದೇ ಎಂಬುದನ್ನು ನಾವೇ ಲೆಕ್ಕಹಾಕಿ ನೋಡಬಹುದು. ಮಗಳ ತೂಕ 60 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ಒಂದೊಂದು ಸ್ಕೀ 160 ಸೆಂಟಿಮೀಟರ್ ಉದ್ದ, 8 ಸೆಂಟಿಮೀಟರ್ ಅಗಲವಿದ್ದರೆ ಎರಡರ ವಿಸ್ತಾರ 2560 ಚದರ ಸೆಂಟಿಮೀಟರ್. ಭಾರ ಸಮನಾಗಿ ಹರಡಿದರೆ ಒತ್ತಡ ಒಂದು ವಾಯುಮಂಡಲದ ಒತ್ತಡದ ನಲವತ್ತರಲ್ಲಿ ಒಂದು ಪಾಲೂ ಆಗುವುದಿಲ್ಲ. ಒಂದು ಪೂರ್ಣ ವಾಯುಮಂಡಲದ ಒತ್ತಡವನ್ನು ಹೇರಿದರೂ ಹಿಮದ ಕರಗುವ ಉಷ್ಣತೆ ತಗ್ಗುವುದು 0.0075 ಡಿಗ್ರಿ ಮಾತ್ರ. ಆದ್ದರಿಂದ ನಮ್ಮ ಸ್ಕೀಯ ಕೆಳಗೆ ಅದು ತಗ್ಗುವುದು ಒಂದು ಡಿಗ್ರಿಯ ಐದು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಮೆ. ಸ್ಕೀ ಹಿಮದ ಹರಳುಗಳ ಕೆಲವು ತುದಿಗಳನ್ನು ಮಾತ್ರ ಮುಟ್ಟುವುದರಿಂದ ಅಲ್ಲಿ ಒತ್ತಡ ಅನೇಕ ಪಟ್ಟು ಹೆಚ್ಚೆಂದು ಒಪ್ಪಿದರೂ, ಸೊನ್ನೆಗಿಂತ ಹತ್ತಾರು ಡಿಗ್ರಿ ಕೆಳಗಿರುವ ಹಿಮವನ್ನು ಈ ಬಗೆಯಿಂದ ಕರಗಿಸಲು ಸಾಧ್ಯವಾಗುವುದಿಲ್ಲ. ಆದರೂ ಅಂತಹ ಚಳಿಯಲ್ಲಿ ಜನ ಸ್ಕೀಯ ಮೇಲೆ ಜಾರುತ್ತಲೇ ಇದ್ದಾರೆ.

1939ರಲ್ಲಿ ಬೌಡನ್ ಮತ್ತು ಹ್ಯೂಸ್ ಎಂಬ ಇಬ್ಬರು ವಿಜ್ಞಾನಿಗಳು ಸ್ವಿಟ್ಜರ್ಲೆಂಡಿನ ಯುಂಗ್‌ಫ್ರಾವ್‌ಯೋಖ್ ಎಂಬ ಎತ್ತರದ ಸಂಶೋಧನಾಲಯದಲ್ಲಿ ನಡೆಸಿದ ಪ್ರಯೋಗಗಳ ಫಲವನ್ನು ಪ್ರಕಟಿಸಿದರು. ಶಾಖವನ್ನು ಬೇಗ ಒಯ್ಯುವ ಲೋಹದ ತಳವುಳ್ಳ ಹಲಗೆಗಿಂತ, ಶಾಖವನ್ನು ಸುಲಭವಾಗಿ ಒಯ್ಯದ ತಳವುಳ್ಳ ಹಲಗೆ ಸಲೀಸಾಗಿ ಜಾರುವುದೆಂದು ಅವರು ಕಂಡರು. ಇದರಿಂದ ಒಂದು ತೀರ್ಮಾನ ತಾನಾಗಿ ಒದಗುತ್ತದೆ: ಜಾರುವಾಗ ಉಜ್ಜುವಿಕೆಯಿಂದಲೇ ಶಾಖ ಹುಟ್ಟುತ್ತದೆ, ಆ ಶಾಖ ಹರಳುಗಳ ತುದಿಗಳನ್ನು ಕರಗಿಸಿ ನೀರಿನ ಒಂದು ತೆಳುಪೊರೆಯನ್ನು ಮಾಡುತ್ತದೆ, ಲೋಹವು ಆ ಶಾಖವನ್ನು ಬೇರೆ ಕಡೆಗೆ ಸಾಗಿಸಿಬಿಡುವುದರಿಂದ ಪೊರೆ ಕಡಮೆಯಾಗುತ್ತದೆ.

ಈ ಪೊರೆ ಎಷ್ಟು ದಪ್ಪ? ಮಗಳು ಒಂದು ಮೀಟರ್ ಜಾರುವಾಗ ಘರ್ಷಣೆಯಿಂದ ಹುಟ್ಟುವ ಶಾಖ ಸುಮಾರು 29 ಜೌಲ್. ಒಂದು ಗ್ರಾಂ ಹಿಮವನ್ನು ಕರಗಿಸಲು 334 ಜೌಲ್ ಬೇಕು. ಆದ್ದರಿಂದ ಕರಗುವ ಹಿಮ ಒಂದು ಗ್ರಾಮಿನ ಹನ್ನೊಂದರಲ್ಲಿ ಒಂದು ಪಾಲನ್ನು ಮೀರದು. ಅದನ್ನು ಎರಡು ಸ್ಕೀಗಳ ಒಂದು ಮೀಟರ್ ಜಾಡಿನ ಮೇಲೆ ಸಮನಾಗಿ ಹರಡಿದರೆ ದೊರೆಯುವ ನೀರಿನ ದಪ್ಪ ಒಂದು ಮಿಲಿಮೀಟರಿನ ಸುಮಾರು ಎರಡು ಸಾವಿರದಲ್ಲಿ ಒಂದು ಪಾಲು! ಕಣ್ಣಿಗೆ ಕಾಣದ ಈ ಪೊರೆಯೇ ನಾಲ್ಕು ಜನರ ಸಂಸಾರವನ್ನು ಒಂದು ಬೆಳಗ್ಗೆ ಹತ್ತಾರು ಸಲ ಬೀಳಿಸಬಲ್ಲದು.

ಇದಲ್ಲದೆ, ಮಂಜುಗಡ್ಡೆಯ ಮೇಲ್ಮೈ ಕರಗುವ ಮೊದಲೇ ದ್ರವದಂತಹ ಒಂದು ಪದರವನ್ನು ಹೊತ್ತಿರುತ್ತದೆಂದು 1850ರಲ್ಲಿಯೇ ಮೈಕೆಲ್ ಫ್ಯಾರಡೆ ಊಹಿಸಿದ್ದರು. ಒಳಗಿನ ಅಣುಗಳನ್ನು ಎಲ್ಲ ಕಡೆಗಳಿಂದಲೂ ನೆರೆಯ ಅಣುಗಳು ಬಿಗಿಹಿಡಿದಿರುತ್ತವೆ. ಮೇಲ್ಮೈಯ ಅಣುಗಳಿಗೆ ಮೇಲುಗಡೆಯಿಂದ ಹಿಡಿಯುವವರಿಲ್ಲ. ಆದುದರಿಂದ ಅವು ಸಡಿಲವಾಗಿ ಅತ್ತಿತ್ತ ಹೊರಳಾಡುತ್ತವೆ. 2018ರಲ್ಲಿ ನೆದರ್ಲೆಂಡ್ಸ್ ಮತ್ತು ಜರ್ಮನಿಯ ಸಂಶೋಧಕರು ಪ್ರಕಟಿಸಿದ ಅಳತೆಗಳು ಈ ಸಡಿಲ ಅಣುಗಳ ಪಾತ್ರವನ್ನು ಎತ್ತಿ ತೋರಿಸಿದವು. ಹಾಳೆ ಒಣನೆಲದ ಮೇಲೆ ತಡೆದು ತಡೆದು ಹೋಗುವುದು, ಮಳೆ ಬಂದ ಮೇಲೆ ಸಲೀಸಾಗಿ ಓಡುವುದು. ಹಾಳೆಗೆ ನೀರನ್ನು ಮಳೆ ಒದಗಿಸಬೇಕು. ಸ್ಕೀಯಾದರೋ ತನಗೆ ಬೇಕಾದ ನೀರನ್ನು ತಾನೇ ಮಾಡಿಕೊಳ್ಳುತ್ತದೆ.

ಹಿಂದಕ್ಕೆ ಬಾಗಿದವರು ಏಕೆ ಬೀಳುವರು?

ಇನ್ನು ಇಳಿಜಾರಿಗೆ ಬರೋಣ. ತಾಯಿ ಮೆಲ್ಲಗೆ ಜಾರತೊಡಗುತ್ತಾಳೆ. ಕೆಳಗೆ ನೋಡಿದೊಡನೆ ಭಯವಾಗಿ ದೇಹವನ್ನು ಹಿಂದಕ್ಕೆ ಬಾಗಿಸುತ್ತಾಳೆ. ಸ್ಕೀಗಳು ಮುಂದಕ್ಕೆ ಓಡುತ್ತವೆ, ಅವಳು ಕುಳಿತ ಭಂಗಿಯಲ್ಲಿ ಹಿಮದ ಮೇಲೆ ಬೀಳುತ್ತಾಳೆ. ಮೊದಲ ದಿನದ ಅವಘಡಗಳಲ್ಲಿ ಅತಿ ಸಾಮಾನ್ಯವಾದುದು ಇದೇ.

ನೆಲದ ಮೇಲೆ ನಿಂತವನ ಗುರುತ್ವಕೇಂದ್ರದಿಂದ ಇಳಿಬಿಟ್ಟ ಲಂಬರೇಖೆ ಪಾದಗಳ ನಡುವೆ ಬೀಳಬೇಕೆಂದು ನಾವು ಕಲಿತಿದ್ದೇವೆ. ಇದು ನಿಶ್ಚಲವಾಗಿರುವವನಿಗೆ ಸರಿ. ವೇಗ ಹೆಚ್ಚುತ್ತಾ ಜಾರುವವನಿಗೆ ನಿಯಮ ಬೇರೆ: ಹಿಮವು ಅವನ ಮೇಲೆ ಪ್ರಯೋಗಿಸುವ ಫಲಿತಬಲದ ರೇಖೆಯು ಅವನ ಗುರುತ್ವಕೇಂದ್ರದ ಮೂಲಕ ಹಾಯಬೇಕು. ಇಳಿಜಾರು 10 ಡಿಗ್ರಿ ಇರಲಿ. ಘರ್ಷಣೆಯೇ ಇಲ್ಲದಿದ್ದರೆ ಆ ಬಲ ಇಳಿಜಾರಿಗೆ ಲಂಬವಾಗಿರುತ್ತದೆ. ಎಂದರೆ ನೆಟ್ಟಗಿನ ರೇಖೆಯಿಂದ 10 ಡಿಗ್ರಿ ಕೆಳಮುಖಕ್ಕೆ ವಾಲಿರುತ್ತದೆ. ಘರ್ಷಣೆ ಅದನ್ನು ಸುಮಾರು 3 ಡಿಗ್ರಿ ಹಿಂದಕ್ಕೆಳೆಯುತ್ತದೆ. ಉಳಿದದ್ದು 7 ಡಿಗ್ರಿ. ಆದ್ದರಿಂದ ಜಾರುವವರು ನೆಟ್ಟಗೆ ನಿಂತರೂ ಸಾಲದು. ಸುಮಾರು 7 ಡಿಗ್ರಿ ಇಳುಕಲಿನ ಕಡೆಗೆ ಬಾಗಬೇಕು. ಭಯವು ಹೇಳುವುದು ಒಂದು, ಬಲಗಳ ಲೆಕ್ಕ ಹೇಳುವುದು ಅದಕ್ಕೆ ವಿರುದ್ಧವಾದದ್ದು. ಮೊಣಕಾಲನ್ನು ಬಗ್ಗಿಸಿ, ಕೈಗಳನ್ನು ಮುಂದಿಟ್ಟು, ಇಳಿಜಾರಿಗೆ ಎದೆಯೊಡ್ಡಿ ನಿಲ್ಲಿರೆಂದು ಗುರುಗಳು ಕೂಗಿ ಹೇಳುವುದಕ್ಕೆ ಇದೇ ಕಾರಣ. ಹಿಂದಕ್ಕೆ ಬಾಗಿದಾಗ ಇನ್ನೊಂದು ಕೇಡೂ ಉಂಟು. ಭಾರವೆಲ್ಲ ಸ್ಕೀಯ ಹಿಂತುದಿಗೆ ಹೋಗಿ ಮುಂತುದಿ ಹಗುರಾಗುತ್ತದೆ. ಆಗ ದಿಕ್ಕನ್ನು ತಿರುಗಿಸುವುದು ಸಾಧ್ಯವಾಗುವುದಿಲ್ಲ. ಹಗುರಾದ ತುದಿಗಳು ಒಂದರ ಮೇಲೊಂದು ಹಾಯ್ದುಕೊಂಡವೆಂದರೆ ಬೀಳುವುದು ಖಂಡಿತ.

ವೇಗದ ಲೆಕ್ಕ

ಈವರೆಗಿನ ಅವಘಡಗಳೆಲ್ಲ ನಗುವಿನಲ್ಲಿ ಮುಗಿಯುವಂತಹವು. ನಗುವಿಗೂ ಆಸ್ಪತ್ರೆಗೂ ನಡುವೆ ಇರುವ ಅಂತರ ವೇಗವೊಂದೇ. ಆದುದರಿಂದ ಅದನ್ನು ಅಳೆದು ನೋಡುವುದು ಅವಶ್ಯಕ.

10 ಡಿಗ್ರಿಯ ಇಳಿಜಾರಿನಲ್ಲಿ ಹುಡುಗ ನೇರವಾಗಿ 50 ಮೀಟರ್ ಜಾರಿದನೆನ್ನಿ. ಕೆಳಗೆಳೆಯುವ ಅಂಶಕ್ಕೆ ಸೈನ್ 10 ಡಿಗ್ರಿ, ಅಂದರೆ 0.174, ಘರ್ಷಣೆಗೆ 0.049. ಉಳಿದ 0.125ನ್ನು ಗುರುತ್ವದ ವೇಗೋತ್ಕರ್ಷವಾದ 9.8ರಿಂದ ಗುಣಿಸಿದರೆ ಸೆಕೆಂಡಿಗೆ ಸೆಕೆಂಡಿಗೆ ಸುಮಾರು 1.2 ಮೀಟರ್ ವೇಗೋತ್ಕರ್ಷ ಬರುತ್ತದೆ. 50 ಮೀಟರಿನ ಕೊನೆಯಲ್ಲಿ ವೇಗ ಸೆಕೆಂಡಿಗೆ 11 ಮೀಟರ್, ಗಂಟೆಗೆ ಸುಮಾರು 40 ಕಿಲೋಮೀಟರ್. ಗಾಳಿಯ ತಡೆಯನ್ನು ಸೇರಿಸಿದರೆ ಇದು ಸ್ವಲ್ಪ ತಗ್ಗಬಹುದು. ಆದರೆ ಬಹಳವೇನೂ ತಗ್ಗದು. ಈ ಲೆಕ್ಕದಲ್ಲಿಯೂ ತೂಕದ ಮಾತಿಲ್ಲವೆಂಬುದನ್ನು ಗಮನಿಸಿರಿ. ಮಗು ಹಗುರಾದ್ದರಿಂದ ನಿಧಾನವಾಗಿ ಜಾರುವುದೆಂದು ತಂದೆತಾಯಿಗಳು ನಂಬಿ ಕೂರಬಾರದು.

ಅದೇ ವೇಗದಲ್ಲಿ ಸಮನೆಲಕ್ಕೆ ಬಂದರೆ ತಾನಾಗಿ ನಿಲ್ಲಲು ಎಷ್ಟು ದೂರ ಬೇಕು? ಘರ್ಷಣಾಂಕ 0.05 ಇರುವಾಗ ಸುಮಾರು 124 ಮೀಟರ್! ನಡುವೆ ಮರವೋ ಕಂಬವೋ ಅಡ್ಡವಿದ್ದರೆ ಆಗುವ ಆಘಾತ, ಮೇಲಿನಿಂದ 6 ಮೀಟರಿಗೂ ಹೆಚ್ಚು ಕೆಳಕ್ಕೆ ಬಿದ್ದಾಗ ಆಗುವ ಆಘಾತಕ್ಕೆ ಸಮಾನ. ಎರಡಂತಸ್ತಿನ ಮನೆಯ ತಾರಸಿಯಿಂದ ಧುಮುಕಲು ಒಪ್ಪದವನು ಈ ವೇಗಕ್ಕೂ ಒಪ್ಪಬಾರದು.

ಹಾಗಾದರೆ ಇಳಿಯುವುದು ಹೇಗೆ? ಉತ್ತರ ಹೆಗ್ಗದ್ದೆಯವರ ಕಣ್ಣೆದುರಿಗೇ ಇದೆ. ಸಕಲೇಶಪುರದಿಂದ ಶಿರಾಡಿ ಘಾಟಿಯ ಕಡೆಗೆ ಸಾಗುವ ಹೆದ್ದಾರಿ ಬೆಟ್ಟದ ನೆತ್ತಿಯಿಂದ ನೇರವಾಗಿ ಕೆಳಕ್ಕೆ ಬೀಳುವುದಿಲ್ಲ; ಬೆಟ್ಟದ ಮೈಯನ್ನು ಬಳಸಿ ಬಳಸಿ ಇಳಿಯುತ್ತದೆ. ಸ್ಕೀಯನ್ನೂ ಹಾಗೆಯೇ ಇಳಿಜಾರಿಗೆ ಓರೆಯಾಗಿ ನಡೆಸಬೇಕು. ನೇರ ಇಳುಕಲಿನ ದಿಕ್ಕಿನಿಂದ 60 ಡಿಗ್ರಿ ಪಕ್ಕಕ್ಕೆ ತಿರುಗಿ ಜಾರಿದರೆ ಕೆಳಗೆಳೆಯುವ ಅಂಶ ಅರ್ಧವಾಗುತ್ತದೆ, ಘರ್ಷಣೆಯಾದರೋ ಅಷ್ಟೇ ಉಳಿಯುತ್ತದೆ. ಆದುದರಿಂದ ವೇಗೋತ್ಕರ್ಷ ಅರ್ಧಕ್ಕಲ್ಲ, ಮೂರರಲ್ಲಿ ಒಂದು ಪಾಲಿಗಿಂತಲೂ ಕೆಳಗೆ ಇಳಿಯುತ್ತದೆ. 50 ಮೀಟರ್ ಸಾಗಿದ ಮೇಲೆ ವೇಗ ಗಂಟೆಗೆ ಸುಮಾರು 22 ಕಿಲೋಮೀಟರ್. ವೇಗ ಹೆಚ್ಚುಕಡಮೆ ಅರ್ಧವಾದರೂ, ಚಲನಶಕ್ತಿ ವೇಗದ ವರ್ಗವನ್ನು ಅನುಸರಿಸುವುದರಿಂದ ಅದು ಮೂರರಲ್ಲಿ ಒಂದು ಪಾಲಿಗಿಂತಲೂ ಕಡಮೆಯಾಗುತ್ತದೆ. ಈ ಆಘಾತ 2 ಮೀಟರಿಗಿಂತ ಕಡಮೆ ಎತ್ತರದಿಂದ ಬಿದ್ದುದಕ್ಕೆ ಸಮ. ಒಂದು ತಿರುವಿನ ವಿವೇಕ ಇಷ್ಟೊಂದು ವ್ಯತ್ಯಾಸವನ್ನು ಉಂಟುಮಾಡಬಲ್ಲದು.

ವೇಗವನ್ನು ತಗ್ಗಿಸಲು ಹೊಸಬರು ಕಲಿಯುವ ಎರಡನೆಯ ಉಪಾಯ ನೇಗಿಲ ಭಂಗಿ. ಸ್ಕೀಗಳ ಮುಂತುದಿಗಳನ್ನು ಹತ್ತಿರ ತಂದು ಹಿಂತುದಿಗಳನ್ನು ಅಗಲಿಸಿ, ಒಳ ಅಂಚುಗಳನ್ನು ಹಿಮಕ್ಕೆ ಒತ್ತಬೇಕು. ಆಗ ಅಂಚುಗಳು ಹಿಮವನ್ನು ಉಳುತ್ತ ಹೋಗುತ್ತವೆ. ಜಾರುವ ಹಲಗೆಯೇ ತಡೆಯುವ ಹಲಗೆಯಾಗುತ್ತದೆ. ಚಲನಶಕ್ತಿ ಹಿಮವನ್ನು ಕೆದಕುವುದರಲ್ಲಿ ವ್ಯಯವಾಗುತ್ತದೆ. ನಿಲ್ಲಿಸುವುದನ್ನು ಕಲಿಯುವ ಮೊದಲು ಓಡಿಸುವುದನ್ನು ಕಲಿಯಬಾರದೆಂಬುದು ಸೈಕಲ್ಲಿಗೆ ಹೇಗೋ ಸ್ಕೀಗೂ ಹಾಗೆಯೇ.

ಬೀಳುವ ವಿದ್ಯೆ

ಇಷ್ಟಾದರೂ ಬೀಳುವ ಸಂದರ್ಭ ಬಂದೇ ಬರುತ್ತದೆ. ಆಗ ಪಕ್ಕಕ್ಕೆ, ಇಳಿಜಾರಿನ ಮೇಲುಗಡೆಗೆ ಬೀಳುವುದು ಲೇಸು. ಮೇಲುಗಡೆಯ ಹಿಮ ದೇಹಕ್ಕೆ ಹತ್ತಿರವಿರುವುದರಿಂದ ಬೀಳುವ ಎತ್ತರ ಕಡಮೆ. ಕೈಯೂರಿ ತಡೆಯಲು ಹೋದರೆ ದೇಹದ ಭಾರವೆಲ್ಲ ಮಣಿಕಟ್ಟಿನ ಮೇಲೆ ಬೀಳುತ್ತದೆ. ತೊಡೆಯ ಮತ್ತು ಸೊಂಟದ ಪಕ್ಕದ ಮೇಲೆ ಬಿದ್ದರೆ ಆಘಾತ ಅಗಲವಾದ ಜಾಗಕ್ಕೆ ಹರಡುತ್ತದೆ. ಎದ್ದುನಿಲ್ಲುವಾಗ ಸ್ಕೀಗಳನ್ನು ದೇಹಕ್ಕಿಂತ ಕೆಳಗೆ, ಇಳಿಜಾರಿಗೆ ಅಡ್ಡಲಾಗಿ ಇಟ್ಟುಕೊಳ್ಳಬೇಕು. ಇಲ್ಲವಾದರೆ ಎದ್ದೊಡನೆಯೇ ಮತ್ತೆ ಹೊರಟುಬಿಡುವಿರಿ.

ಎಲ್ಲಕ್ಕಿಂತ ಹೆಚ್ಚು ಜೋಪಾನಮಾಡಬೇಕಾದದ್ದು ಮಂಡಿಯನ್ನು. ಉದ್ದವಾದ ಸ್ಕೀ ಒಂದು ಸನ್ನೆಗೋಲಿನಂತೆ. ಅದರ ತುದಿ ಹಿಮದಲ್ಲಿ ಸಿಕ್ಕಿಕೊಂಡು ದೇಹ ತಿರುಗಿದರೆ, ತುದಿಯಲ್ಲಿನ ಅಲ್ಪಬಲವೂ ಮಂಡಿಯಲ್ಲಿ ದೊಡ್ಡ ತಿರುಚುಬಲವಾಗಿ ಪರಿಣಮಿಸುತ್ತದೆ. ಇದಕ್ಕಾಗಿಯೇ ಈಗಿನ ಸ್ಕೀಗಳಲ್ಲಿ ಗೊತ್ತಾದ ಮಿತಿಯನ್ನು ಮೀರಿದ ಬಲ ಬಿದ್ದರೆ ಬೂಟನ್ನು ತಾನಾಗಿ ಬಿಟ್ಟುಕೊಡುವ ಬಂಧನಿಗಳನ್ನು ಅಳವಡಿಸಿರುತ್ತಾರೆ. ವಿದ್ಯುತ್ತಿನ ಮಂಡಲದಲ್ಲಿ ಫ್ಯೂಸಿನ ತಂತಿ ಮಾಡುವ ಕೆಲಸವನ್ನೇ ಇದು ಮಾಡುತ್ತದೆ. ಆ ಮಿತಿಯನ್ನು ಪ್ರತಿಯೊಬ್ಬರ ತೂಕ, ಎತ್ತರ, ವಯಸ್ಸು, ಅನುಭವಗಳಿಗೆ ತಕ್ಕಂತೆ ಹೊಂದಿಸಬೇಕು. ತಂದೆಗೆ ಹೊಂದಿಸಿದ ಬಂಧನಿ ಮಗನ ಮೂಳೆ ಮುರಿಯುವವರೆಗೂ ಬಿಟ್ಟುಕೊಡದೆ ಇರಬಹುದು. ಆದುದರಿಂದ ಬಾಡಿಗೆಯ ಸ್ಕೀಗಳನ್ನು ತಮ್ಮತಮ್ಮೊಳಗೆ ಅದಲುಬದಲು ಮಾಡಿಕೊಳ್ಳುವುದು ಸರ್ವಥಾ ಕೂಡದು.

ಹೆಗ್ಗದ್ದೆಯವರು ನಿರೀಕ್ಷಿಸದ ಇನ್ನೊಂದು ಅವಘಡವೂ ಇದೆ. ಚಳಿಯಲ್ಲಿ ಬಿಸಿಲು ಸುಡದೆಂದು ನಂಬಿದ ಮಗಳ ಮುಖ ಸಂಜೆಯ ಹೊತ್ತಿಗೆ ಕೆಂಪೇರಿ ಉರಿಯುತ್ತದೆ, ಕಣ್ಣಿನಲ್ಲಿ ನೀರು ಸುರಿಯುತ್ತದೆ. ಹೊಸ ಹಿಮವು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ 80 ಪಾಲಿಗೂ ಹೆಚ್ಚನ್ನು ಹಿಂದಕ್ಕೆ ಚೆಲ್ಲುತ್ತದೆ. ಅದರಲ್ಲಿ ಕಣ್ಣಿಗೆ ಕಾಣದ ಅತಿನೇರಿಳೆ ಕಿರಣಗಳೂ ಸೇರಿವೆ. ಗಲ್ಲದ ಕೆಳಭಾಗವೂ ಸುಡುವುದು ಇದರಿಂದಲೇ. ಬಣ್ಣದ ಕನ್ನಡಕವನ್ನು ಹಿಮದ ಮೇಲೆ ಧರಿಸುವುದು ಬೆಡಗಿಗಾಗಿ ಅಲ್ಲ, ಕಣ್ಣಿನ ರಕ್ಷಣೆಗಾಗಿ.

ಅದೇ ನಿಯಮ, ನಮ್ಮ ಬೆಟ್ಟಗಳಲ್ಲಿ

ಔಲಿಯಿಂದ ಹಿಂದಿರುಗಿದ ಮೇಲೆ ಈ ಪಾಠವನ್ನು ಕಟ್ಟಿಡಬೇಕಾಗಿಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸಾಗುವ ವಾಹನದ ಗಾಲಿಗಳು ಬಿಗಿದು ನಿಂತಾಗ, ಘರ್ಷಣಾಂಕ 0.7 ಇರುವ ಒಣರಸ್ತೆಯಲ್ಲಿ ಅದು ಸುಮಾರು 20 ಮೀಟರಿನಲ್ಲಿ ನಿಲ್ಲುವುದು. ಮಳೆಯಿಂದ ಘರ್ಷಣಾಂಕ 0.4ಕ್ಕೆ ಇಳಿದರೆ ಸುಮಾರು 35 ಮೀಟರ್ ಬೇಕು. ಇದು ಸಮರಸ್ತೆಯ ಮಾತು. ಘಾಟಿಯ ಇಳಿಜಾರಿನಲ್ಲಿ ಇನ್ನೂ ಹೆಚ್ಚು ಬೇಕಾಗುವುದು. ಜುಲೈ ತಿಂಗಳ ಮಳೆಯಲ್ಲಿ ಶಿರಾಡಿಯ ಕಡೆಗೆ ಮೋಟಾರ್ ಸೈಕಲ್ಲಿನಲ್ಲಿ ಹೊರಡುವ ತರುಣನು ತಿಳಿಯದೆಯೇ ಒಬ್ಬ ಹೊಸ ಸ್ಕೀಗಾರನಾಗಿರುತ್ತಾನೆ. ವ್ಯತ್ಯಾಸವಿಷ್ಟೆ: ಅವನ ಕೆಳಗೆ ಮೆತ್ತನೆಯ ಹಿಮವಿಲ್ಲ.

ಬೆಟ್ಟದ ಮೈಯೇ ಜಾರುವುದೂ ಉಂಟು. ಹಿಮದ ನಾಡುಗಳಲ್ಲಿ ಪದರಗಟ್ಟಿದ ಹಿಮ ಬಹುಮಟ್ಟಿಗೆ 30ರಿಂದ 45 ಡಿಗ್ರಿಯ ಇಳಿಜಾರುಗಳಲ್ಲಿ ಕುಸಿಯುತ್ತದೆ. ಅದಕ್ಕಾಗಿಯೇ ಹೊಸಬರು ಗುರುತುಮಾಡಿದ ಬಯಲನ್ನು ಬಿಟ್ಟು ಹೋಗಬಾರದು. ನಮ್ಮಲ್ಲಿ ಹಿಮದ ಬದಲು ಮಣ್ಣು. ಮಣ್ಣಿನ ಕಣಗಳ ನಡುವೆ ನೀರು ತುಂಬಿದಾಗ ಅದರ ಒತ್ತಡ ಕಣಗಳನ್ನು ಒಂದರಿಂದ ಒಂದು ಸ್ವಲ್ಪ ಎತ್ತಿದಂತೆ ಮಾಡುತ್ತದೆ. ಕಣಗಳ ನಡುವಣ ಘರ್ಷಣೆ ತಗ್ಗುತ್ತದೆ. ನೂರಾರು ವರ್ಷ ನಿಂತ ಇಳಿಜಾರು ಒಂದು ರಾತ್ರಿಯಲ್ಲಿ ಸರಿದುಬಿಡುತ್ತದೆ. 2018ರ ಆಗಸ್ಟ್ ತಿಂಗಳ ಭಾರಿ ಮಳೆಯಲ್ಲಿ ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರಸ್ತೆಗಳ ನಡುವಣ ರೈಲುಹಾದಿಯ ಮೇಲೆ ಅನೇಕ ಕಡೆ ಗುಡ್ಡ ಕುಸಿದು, ಗಾಡಿಗಳ ಓಡಾಟ ಹಲವು ವಾರ ನಿಂತುಹೋಯಿತು. ಬೆಟ್ಟದ ಬುಡವನ್ನು ಕಡಿದಾಗಿ ಅಗೆದು ಇಳಿಜಾರಿನ ಕೋನವನ್ನು ಹೆಚ್ಚಿಸುವುದು, ಮಳೆನೀರಿನ ಹಾದಿಯನ್ನು ಮುಚ್ಚುವುದು, ಇವೆರಡೂ ಏಕೆ ಅಪಾಯಕರವೆಂಬುದನ್ನು ಹಲಗೆಯ ಮೇಲಿನ ಕಲ್ಲಿನ ಪ್ರಯೋಗವನ್ನು ಮಾಡಿದ ವಿದ್ಯಾರ್ಥಿಗೆ ಬೇರೆ ಹೇಳಬೇಕಾಗಿಲ್ಲ.

ಒಂದು ಪ್ರಯೋಗ

ಸುಮಾರು ಒಂದು ಮೀಟರ್ ಉದ್ದದ ಹಲಗೆ, ಅಡಕೆಯ ಹಾಳೆಯ ಅಂಗೈಯಗಲದ ತುಂಡು, ಒಂದು ಚಪ್ಪಟೆಯಾದ ಕಲ್ಲು, ಒಂದು ಅಳತೆಪಟ್ಟಿ, ಇಷ್ಟಿದ್ದರೆ ಸಾಕು. ಹಾಳೆಯ ಮೇಲೆ ಕಲ್ಲನ್ನು ಕಟ್ಟಿ ಹಲಗೆಯ ಮೇಲಿರಿಸಿ, ಒಂದು ತುದಿಯನ್ನು ಮೆಲ್ಲಗೆ ಎತ್ತುತ್ತ, ಹಲಗೆಯನ್ನು ಬೆರಳಿನಿಂದ ಹಗುರಾಗಿ ತಟ್ಟುತ್ತಿರಿ. ಹಾಳೆ ಜಾರತೊಡಗಿದಾಗ ತುದಿಯ ಎತ್ತರವನ್ನೂ ಕೆಳಗಿನ ನೆಲದ ಉದ್ದವನ್ನೂ ಅಳೆಯಿರಿ. ಎತ್ತರ 45 ಸೆಂಟಿಮೀಟರ್, ಉದ್ದ 90 ಸೆಂಟಿಮೀಟರ್ ಆದರೆ ಘರ್ಷಣಾಂಕ 0.5. ಹೀಗೆಯೇ ಹಾಳೆಯ ಒಳಮೈ, ಹೊರಮೈ, ನೆನೆಸಿದ ಹಲಗೆ, ಮೇಣ ಸವರಿದ ಹಲಗೆ, ಇವುಗಳ ಘರ್ಷಣಾಂಕಗಳನ್ನು ಬೇರೆ ಬೇರೆಯಾಗಿ ಕಂಡು ಪಟ್ಟಿಮಾಡಿರಿ. ಕಲ್ಲಿನ ತೂಕವನ್ನು ಇಮ್ಮಡಿ ಮಾಡಿದರೆ ಏನಾಗುವುದೆಂಬುದನ್ನು ಮೊದಲು ಊಹಿಸಿ, ಅನಂತರ ಪರೀಕ್ಷಿಸಿರಿ.

ಅಭ್ಯಾಸಕ್ಕಾಗಿ ಎರಡು ಪ್ರಶ್ನೆಗಳು: 1. ಘರ್ಷಣಾಂಕ 0.05 ಇರುವ 6 ಡಿಗ್ರಿಯ ಇಳಿಜಾರಿನಲ್ಲಿ 50 ಮೀಟರ್ ನೇರವಾಗಿ ಜಾರಿದವನ ವೇಗವೆಷ್ಟು? 2. ಆ ವೇಗದಲ್ಲಿ ಸಮನೆಲಕ್ಕೆ ಬಂದವನು ತಾನಾಗಿ ನಿಲ್ಲಲು ಎಷ್ಟು ದೂರ ಬೇಕು? ಸರಿಯಾಗಿ ಲೆಕ್ಕಮಾಡಿದವರಿಗೆ ಮೊದಲನೆಯದಕ್ಕೆ ಗಂಟೆಗೆ ಸುಮಾರು 26 ಕಿಲೋಮೀಟರ್ ಎಂದೂ, ಎರಡನೆಯದಕ್ಕೆ ಸುಮಾರು 55 ಮೀಟರ್ ಎಂದೂ ಉತ್ತರ ಬರುತ್ತದೆ. ಮೊದಲ ದಿನಕ್ಕೆ ಎಂತಹ ಬಯಲನ್ನು ಆರಿಸಿಕೊಳ್ಳಬೇಕು, ಅದರ ಕೆಳಗೆ ಎಷ್ಟು ತೆರಪು ಇರಬೇಕು ಎಂಬುದನ್ನು ಈ ಎರಡು ಸಂಖ್ಯೆಗಳಿಂದಲೇ ನಿರ್ಧರಿಸಬಹುದು.